ಚೆನ್ನಿಯ ಎಡಗಾಲಿನ ಅಚ್ಚು

ಸತ್ತದ್ದು ತಿರುಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯಲ್ಲಿ ಗಾಳಿ ಸೋಕಿತು ಎಂದು ತಾಯಿತ ಕಟ್ಟಿಸಿಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತಿತ್ತು. ನಾನು ಓದಿದ್ದು ಬರೀ ಆರನೆಯ ಇಯತ್ತೆ, ಅದೇನೋ ನಿಜ. ಆದರೆ ಕಂಡದ್ದನ್ನು ಮುಟ್ಟಿ, ಅಳೆದು, ಆಮೇಲೆ ಮಾತಾಡಬೇಕು ಎಂಬುದನ್ನು ನನ್ನ ಕೆಲಸ ಕಲಿಸಿತ್ತು. ಆದ್ದರಿಂದ ಮುಂದೆ ಬರೆಯುವುದನ್ನು ನೀವು ನಂಬಲೇಬೇಕು ಎಂದು ಕೇಳುವುದಿಲ್ಲ. ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನಾನು ಹೊಳೆಯಾಚೆಯ ಒಂದು ಪ್ರಾಣಿ ಸಂಗ್ರಹಾಲಯಕ್ಕೆ ಕೂಲಿಯಾಗಿ ಸೇರಿದೆ. ಪಂಜರ ಗುಡಿಸುವುದು, ಮಾಂಸ ಕತ್ತರಿಸುವುದು, ನೀರು ಹಿಡಿಯುವುದು ನನ್ನ ಕೆಲಸ. ನೋಡಲು ಬಂದ ಶಾಲೆಯ ಮಕ್ಕಳು ಬೋರ್ಡು ಓದುತ್ತಿರಲಿಲ್ಲ, ಪೊರಕೆ ಹಿಡಿದ ನನ್ನನ್ನೇ ಕೇಳುತ್ತಿದ್ದರು. ನಾನು ಹೇಳುತ್ತಾ ಹೋದೆ. ಕೆಲ ವರ್ಷಗಳಲ್ಲಿ ಸಾಹೇಬರು ಅದನ್ನೇ ನನ್ನ ಕೆಲಸ ಮಾಡಿಬಿಟ್ಟರು. ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಮುಳ್ಳುಹಂದಿಯ ಮುಳ್ಳು, ಹಾವಿನ ಪೊರೆ, ಪ್ಲಾಸ್ಟರ್ ಪುಡಿಯಿಂದ ತೆಗೆದ ಹೆಜ್ಜೆಯ ಅಚ್ಚುಗಳನ್ನು ತುಂಬಿಕೊಂಡು ಪಾಠ ಹೇಳುತ್ತಿದ್ದೆ. ಅದರಲ್ಲೂ ತೋಳದ ಪಾಠವನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಆ ಸೀಮೆಯಲ್ಲಿ ಇರಲಿಲ್ಲ. ಇದನ್ನು ಜಂಬ ಎಂದುಕೊಂಡರೂ ಅಡ್ಡಿಯಿಲ್ಲ.

ಆ ಪಾಠ ಕಲಿಸಿದವಳು ಚೆನ್ನಿ ಎಂಬ ಹೆಣ್ಣು ತೋಳ. ಕುಷ್ಟಗಿ ಕಡೆಯ ಒಂದು ಹೊಲದಲ್ಲಿ ಕಾಡುಹಂದಿಗೆ ಒಡ್ಡಿದ ತಂತಿಯ ಉರುಳಿಗೆ ಮರಿಯಾಗಿದ್ದಾಗಲೇ ಸಿಕ್ಕಿದ್ದಳು. ಮುಂದಿನ ಎಡಗಾಲಿನ ಒಂದು ಬೆರಳು ಹೋಗಿತ್ತು, ಅಂಗಾಲಿಗೆ ಅಡ್ಡವಾಗಿ ಗಾಯದ ಗೆರೆ ಉಳಿದಿತ್ತು. ಒಂಬತ್ತು ವರ್ಷ ನಾನೇ ಅವಳನ್ನು ನೋಡಿಕೊಂಡೆ. ದಿನಾ ಬೆಳಿಗ್ಗೆ ನಾನು ಇಟ್ಟ ಬಕೆಟ್ಟಿನ ಸುತ್ತ ಒಂದೇ ಸುತ್ತು ಹಾಕಿ, ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಬೇರೆ ಯಾವ ತೋಳವೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಅವಳು ಸತ್ತಾಗ ಡಾಕ್ಟರು ಕೊಯ್ದು ನೋಡಿದ ಮೇಲೆ ಕಟ್ಟಿಗೆ ಒಟ್ಟಿ ಸುಟ್ಟವನೂ ನಾನೇ. ಬೂದಿ ಆರುವವರೆಗೆ ಅಲ್ಲೇ ಇದ್ದೆ.

ಅದಾಗಿ ವರ್ಷ ಕಳೆದಿರಬೇಕು, ಮೇಲಿನಿಂದ ಹೊಸ ನಿಯಮ ಬಂತು. ಕೈಯಲ್ಲಿ ಕಾಗದವಿಲ್ಲದವರು ಮಕ್ಕಳಿಗೆ ಪಾಠ ಹೇಳುವಂತಿಲ್ಲ. ಪ್ರಾಣಿ ಸಂಗ್ರಹಾಲಯ, ಮತ್ಸ್ಯಾಲಯಗಳಲ್ಲಿ ಪಾಠ ಹೇಳುವವರದೇ ಒಂದು ಸಂಘವಿದೆ, ಅದು ಸದಸ್ಯ ಎಂದು ಒಪ್ಪಿ ಸರ್ಟಿಫಿಕೇಟ್ ಕೊಟ್ಟರೆ ನಡೆಯುತ್ತದೆ ಎಂದರು ಸಾಹೇಬರು.

"ತಗೊಂಡ ಬಾ. ಇಲ್ಲಂದ್ರ ನಿನ್ನ ಪೊರಕಿ ಅಲ್ಲೇ ಮೂಲ್ಯಾಗ ಐತಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ವರ್ಷ ಸಂಘದ ಸಭೆ ಗಂಗಾವತಿಯಲ್ಲಿ ಸೇರಿತ್ತು. ಬಂದವರೆಲ್ಲ ಡಿಗ್ರಿಯವರು. ಕಾರ್ಯದರ್ಶಿ ಕರಾವಳಿಯ ಒಂದು ಮತ್ಸ್ಯಾಲಯದ ಮೇಡಂ. ಪರೀಕ್ಷಕರು ಧಾರವಾಡದ ಕಡೆಯ ನಿವೃತ್ತ ಕಾಲೇಜು ಮಾಸ್ತರು, ಖಡಕ್ ಮನುಷ್ಯ. ಡಿಗ್ರಿ ಇಲ್ಲದವನು ಅವರೆದುರು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅಳವಂಡಿಯ ಆಚೆಗಿನ ಒಂದು ಹಳ್ಳದಲ್ಲಿ, ಅಲ್ಲಿನ ಶಾಲೆಯ ಮಕ್ಕಳಿಗೆ ಹೆಜ್ಜೆ ಗುರುತಿನ ಪಾಠ ಎಂದು ಅವರೇ ಗೊತ್ತುಮಾಡಿದರು. ಆ ಹಳ್ಳವನ್ನು ನಾನು ಅದಕ್ಕೂ ಮೊದಲು ಕಂಡವನಲ್ಲ.

ಹಿಂದಿನ ಸಂಜೆ ಅಲ್ಲಿಗೆ ಹೋದೆ. ಪಕ್ಕದ ಹೊಲದ ಕುರಿಗಾರ ಬೀರಪ್ಪಜ್ಜ ಜೊತೆಯಾದ. ಎರಡು ಚಕ್ಕಡಿ ನಿಲ್ಲುವಷ್ಟು ಜಾಗದಲ್ಲಿ ಮೆಕ್ಕಲು ಮಣ್ಣನ್ನು ನೀರು ಹಾಕಿ ಹದ ಮಾಡಿ, ಹಲಗೆಯಿಂದ ಸಪಾಟು ಮಾಡಿದೆವು. ಬೆಳಗಾಗುವುದರೊಳಗೆ ಮೊಲವೋ ಮುಂಗುಸಿಯೋ ಅದರ ಮೇಲೆ ನಡೆದಿರುತ್ತದೆ. ಆ ಗುರುತಿನಲ್ಲಿ ಪ್ಲಾಸ್ಟರ್ ಪುಡಿ ಕಲಸಿ ಹೊಯ್ದರೆ ಅಚ್ಚು ಏಳುತ್ತದೆ.

"ತೋಳ ಬಂದ್ರ ಅದರ ಅಳತಿ ತಗೊಂಡು ಏನ ಮಾಡ್ತಿಯೋ ತಮ್ಮಾ? ಚಪ್ಪಲಿ ಹೊಲಿಸ್ತಿಯೇನು?" ಎಂದ ಅಜ್ಜ.

ನಾನೂ ನಕ್ಕೆ. ಪುಡಿ ಕಲಸುವ ಬಕೆಟ್ಟನ್ನು ನಡುವೆ ಬೋರಲು ಹಾಕಿ, ಹಿಂದೆ ಹಿಂದೆ ಸರಿಯುತ್ತಾ ನನ್ನ ಗುರುತನ್ನು ಒರೆಸಿಕೊಂಡು ಹೊರಗೆ ಬಂದೆ.

ಬೆಳಿಗ್ಗೆ ಎಂಟಕ್ಕೆ ಮೇಡಂ, ಪರೀಕ್ಷಕರು, ಮೂವತ್ತು ಮಕ್ಕಳು ಎಲ್ಲ ಒಟ್ಟಿಗೇ ಹಳ್ಳಕ್ಕೆ ಇಳಿದೆವು. ಬಿಸಿಲು ಏರಿತ್ತು, ಮಣ್ಣು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಮೊಲ ದಾಟಿತ್ತು. ಅದರಾಚೆ ಇನ್ನೊಂದು ಸಾಲು ಹೆಜ್ಜೆ. ನಾಯಿಯದಕ್ಕಿಂತ ಉದ್ದ, ಅತ್ತಿತ್ತ ಸರಿಯದ ನೇರ ನಡಿಗೆ. ತೋಳ ಎಂದು ದೂರದಿಂದಲೇ ಹೇಳಿದೆ. ಮಕ್ಕಳು ಹೋ ಎಂದರು. ನನ್ನ ಅದೃಷ್ಟ ಎಂದು ನಾನೂ ಬೀಗಿದೆ. ಬೆರಳು ಎಣಿಸಿರಿ ಎಂದು ಅವರನ್ನು ಕೂರಿಸಿದೆ. ಎಲ್ಲರೂ ನಾಲ್ಕು ಎಂದರು.

"ಇದಕ್ಕ ಮೂರ ಅದಾವ್ರಿ ಸರ" ಎಂದಳು ಬದಿಯಲ್ಲಿದ್ದ ಹುಡುಗಿ.

ಬಗ್ಗಿ ನೋಡಿದೆ. ಮುಂದಿನ ಎಡಗಾಲು. ಒಳಗಿನ ಬೆರಳಿಲ್ಲ. ಅಂಗಾಲಿಗೆ ಅಡ್ಡವಾಗಿ ಗೆರೆ. ಸಾಲನ್ನು ಕಣ್ಣಲ್ಲೇ ಹಿಡಿದು ಹೋದೆ. ಹೆಜ್ಜೆಗಳು ನೇರ ಬಕೆಟ್ಟಿನ ಬಳಿ ಬಂದಿದ್ದವು. ಅದರ ಸುತ್ತ ಒಂದೇ ಸುತ್ತು. ಆಮೇಲೆ ಅದಕ್ಕೆ ಬೆನ್ನು ಮಾಡಿ ಕುಳಿತ ಗುರುತು. ಅಲ್ಲಿಂದ ಎದ್ದು ಆಚೆಯ ಗರಸಿನ ಗಟ್ಟಿ ನೆಲಕ್ಕೆ ಹೋಗಿದ್ದವು, ಅಲ್ಲಿ ಹೆಜ್ಜೆ ಮೂಡುವುದಿಲ್ಲ.

ಕೈ ತನ್ನ ರೂಢಿಯ ಕೆಲಸ ಮಾಡಿತು. ಪುಡಿ ಕಲಸಿದೆ, ಹೊಯ್ದೆ, ಅದು ಗಟ್ಟಿಯಾಗುವವರೆಗೆ ಮಕ್ಕಳಿಗೆ ಏನೇನೋ ಹೇಳಿದೆ. ಅಚ್ಚು ಎತ್ತಿದಾಗ ಪರೀಕ್ಷಕರು ಮೇಡಂ ಅವರ ಚೀಲದಿಂದ ನನ್ನ ಹಳೆಯ ಅಚ್ಚನ್ನು ತೆಗೆಸಿದರು. ಚೆನ್ನಿ ಬದುಕಿದ್ದಾಗ ತೆಗೆದದ್ದು ಅದು. ಹಿಂದಿನ ದಿನ ಮಧ್ಯಾಹ್ನ ಸಭೆಯಲ್ಲಿ ತೋರಿಸಿ ಮೇಡಂ ಬಳಿಯೇ ಬಿಟ್ಟಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಜಾಲಿ ಗಿಡದ ನೆರಳಿಗೆ ಕರೆದರು. ನಾಯಿ ನಡೆದ ಸಾಲಿನಲ್ಲಿ ನೀವೇ ಇಂಥ ಇನ್ನೊಂದು ಅಚ್ಚನ್ನು ಒತ್ತಿದ್ದೀರಿ ಎಂಬುದು ಅವರ ಮಾತಿನ ತಾತ್ಪರ್ಯ.

"ಒತ್ತಿದ್ರೂ ತಪ್ಪೇನಿಲ್ಲ. ಪಾಠಕ್ಕಂತ ಒತ್ತೀನಿ ಅಂತ ಒಂದು ಸಾಲು ಬರದು ಕೊಡ್ರಿ. ಪಾಠ ಛಲೋ ಆಗೇದ. ಈಗಲೇ ಸಹಿ ಮಾಡ್ತೀನಿ."

ಒಂದು ಸಾಲು. ಬರೆದಿದ್ದರೆ ಸರ್ಟಿಫಿಕೇಟ್ ಅಲ್ಲೇ ಕೈಗೆ ಬರುತ್ತಿತ್ತು. ಪೆನ್ನು ಕೂಡ ಅವರೇ ಚಾಚಿದ್ದರು.

"ನಾ ಒತ್ತಿಲ್ರಿ" ಎಂದೆ.

"ಹಂಗಾರ ಇದು ಏನು?"

"ಗೊತ್ತಿಲ್ರಿ. ಆದ್ರ ನಾ ಒತ್ತಿಲ್ಲ."

ಅವರು ಪೆನ್ನು ಜೇಬಿಗೆ ಹಾಕಿಕೊಂಡರು. ಮೇಡಂ ನನ್ನ ಬಳಿ ಬಂದು, "ನಾನು ನಿಮ್ಮನ್ನು ನಂಬ್ತೇನೆ ಮಾರಾಯ್ರೆ. ಆದ್ರೆ ಇದನ್ನು ಸಂಘದ ಪುಸ್ತಕದಲ್ಲಿ ಹೇಗೆ ಬರೆಯುವುದು?" ಎಂದರು. ಎರಡೂ ಅಚ್ಚುಗಳನ್ನು ಟವಲಿನಲ್ಲಿ ಸುತ್ತಿಕೊಂಡು ಅಳವಂಡಿಯಿಂದ ಬಸ್ಸು ಹತ್ತಿದೆ. ನಾಳೆಯಿಂದ ಪೊರಕೆ ಎಂದು ಮನಸ್ಸಿಗೆ ಹೇಳಿಕೊಂಡೆ. ಬೇಸರವಿತ್ತು, ಆದರೆ ತಲೆ ತಗ್ಗಿಸಲಿಲ್ಲ.

ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಹೊಸ ಅಚ್ಚಿಗೆ ಅಂಟಿದ ಮಣ್ಣನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಆಗ ಉಗುರುಗಳು ಕಂಡವು. ಪಂಜರದ ಪ್ರಾಣಿ ಹೆಚ್ಚು ನಡೆಯುವುದಿಲ್ಲ, ಅದರ ಉಗುರು ಉದ್ದ ಬೆಳೆಯುತ್ತದೆ. ಹಳೆಯ ಅಚ್ಚಿನಲ್ಲಿ ಚೆನ್ನಿಯ ಉಗುರುಗಳು ಹಾಗೆಯೇ ಚೂಪಾಗಿ ಮುಂದೆ ಚಾಚಿದ್ದವು. ಹೊಸದರಲ್ಲಿ ಮೊಂಡಾಗಿ, ಗಿಡ್ಡವಾಗಿ ಸವೆದಿದ್ದವು. ಕಲ್ಲು ನೆಲದ ಮೇಲೆ ಬಹಳ ದೂರ, ಬಹಳ ದಿನ ನಡೆದ ಪ್ರಾಣಿಯ ಉಗುರು.

ಒಂದು ಚೀಟಿಯನ್ನೂ ಬರೆಯದೆ ಎರಡನ್ನೂ ಹತ್ತಿಯಲ್ಲಿ ಸುತ್ತಿ ಪರೀಕ್ಷಕರಿಗೆ ಕಳಿಸಿದೆ. ನಾನು ಮತ್ತೆ ಪಂಜರ ಗುಡಿಸತೊಡಗಿ ತಿಂಗಳಾಗಿತ್ತು, ಆಗ ಅವರಿಂದ ಅಚ್ಚುಗಳ ಜೊತೆ ಒಂದು ಲಕೋಟೆ ಬಂತು. ಒಳಗೆ ಸರ್ಟಿಫಿಕೇಟ್. ಜೊತೆಗೊಂದು ಪತ್ರ. ಉಗುರುಗಳನ್ನು ನೋಡಿದರೆ ಹಳೆಯ ಅಚ್ಚಿನಂಥದ್ದರಿಂದ ಈ ಗುರುತು ಮೂಡಲು ಸಾಧ್ಯವಿಲ್ಲ, ನಿಮ್ಮನ್ನು ಅನುಮಾನಿಸಿದ್ದು ನನ್ನ ತಪ್ಪು ಎಂದು ಅವರು ಬರೆದಿದ್ದರು. ಗಾಯದ ಗೆರೆಯನ್ನು ಭೂತಗನ್ನಡಿ ಹಿಡಿದು ಮೂರು ಸಲ ಅಳೆದರಂತೆ, ಎರಡರಲ್ಲೂ ಒಂದೇ. ಕೊನೆಯಲ್ಲಿ, ಇದು ಯಾವ ಪ್ರಾಣಿಯದು ಎಂದು ನಿಮಗೇನಾದರೂ ತಿಳಿದರೆ ದಯವಿಟ್ಟು ಬರೆಯಿರಿ ಎಂದಿತ್ತು.

ಆ ಸರ್ಟಿಫಿಕೇಟ್ ಇಂದಿಗೂ ನನ್ನ ಗೋಡೆಯ ಮೇಲಿದೆ. ಅಂದಿನಿಂದ ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ, ಯಾವ ಪ್ರಶ್ನೆಗೂ ತಡವರಿಸಿದವನಲ್ಲ. ಆ ಪತ್ರಕ್ಕೆ ಉತ್ತರ ಬರೆಯಲು ಮಾತ್ರ ಎಷ್ಟೋ ಸಲ ಕುಳಿತಿದ್ದೇನೆ. 'ಮಾನ್ಯರೇ' ಎಂದು ಬರೆಯುತ್ತೇನೆ. ಅದರ ಮುಂದಿನ ಸಾಲು ನನಗಿನ್ನೂ ಸಿಕ್ಕಿಲ್ಲ.