ಪೇಗನ್ನರ ಬಾಗಿಲು ಕಾದದ್ದು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ವಿಷಯಗಳಲ್ಲಿ ‘ಶ್ರಾದ್ಧಕರ್ಮ ಇಂದಿಗೆ ಅನಗತ್ಯ’ ಎಂಬುದೂ ಒಂದು. ಗೆದ್ದ ಕಪ್ ಹಿಡಿದು ಮೈಸೂರಿನ ಮನೆಗೆ ಬಂದ ವಾರವೇ ಅಜ್ಜನ ತಿಥಿ ಬಿತ್ತು. ಒಳಗೆ ಮಂತ್ರ ನಡೆಯುತ್ತಿರುವಾಗ ಹೊರಗೆ ಜಗಲಿಯ ಮೇಲೆ ಪ್ರತಿಭಟನೆಗೆ ಕೂತೆ. ವಡೆ ಬಡಿಸುವ ಹೊತ್ತಿಗೆ ಪ್ರತಿಭಟನೆಯನ್ನು ವಾಪಸು ಪಡೆದೆ. ಇಂಥ ನಾನು ಡಬ್ಲಿನ್ನಿನ ಪಶ್ಚಿಮಕ್ಕಿರುವ ಕ್ಲಾಂಡಾಲ್ಕಿನ್‌ನಲ್ಲಿ ಪೇಗನ್ನರ ಗುಂಪೊಂದಕ್ಕೆ ದ್ವಾರಪಾಲಕಿಯಾಗಿದ್ದೆ ಅಂದರೆ ನನ್ನನ್ನು ಬಲ್ಲವರು ಮೊದಲು ನಗುತ್ತಾರೆ, ಆಮೇಲೆ ಆರೋಗ್ಯ ವಿಚಾರಿಸುತ್ತಾರೆ.

ಕೊರೋನಾದ ಮೊದಲ ಬೇಸಗೆ. ಸಿಟಿವೆಸ್ಟಿನ ಆಫೀಸು ನನ್ನ ಹಾಸಿಗೆಯ ಮೇಲಕ್ಕೆ ಸ್ಥಳಾಂತರವಾಗಿತ್ತು. ಜೊತೆಗೆ ಎಂ.ಎಸ್. ಮಾಡಿ ಜೊತೆಗೇ ಬಾಡಿಗೆಗಿದ್ದ ಗೆಳತಿ, ವಾಟರ್‌ಫರ್ಡಿನ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದಳು. ವಾದಕ್ಕೆ ಒಂದು ನರಪಿಳ್ಳೆಯೂ ಇಲ್ಲದೆ, ಆನ್‌ಲೈನ್‌ನಲ್ಲಿ ತರಕಾರಿ ಕಳಿಸುವವರಿಗೆ ನಾಲ್ಕು ಪ್ಯಾರಾದ ದೂರು ಬರೆಯುವ ಮಟ್ಟಕ್ಕೆ ಇಳಿದಿದ್ದೆ. ಅಂಥ ಹೊತ್ತಿನಲ್ಲಿ, ಬೇಲಿಯಾಚೆಯ ಹಿತ್ತಿಲಲ್ಲಿ ಪಕ್ಕದ ಮನೆಯಾಕೆ ರೋವನ್ ಮರದೊಂದಿಗೆ ಮಾತಾಡುತ್ತಿರುವುದು ಕೇಳಿಸಿತು. ಅರವತ್ತು ದಾಟಿದ ವಿಧವೆ. ತಾವು ಪೇಗನ್ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಕ್ರೈಸ್ತಮತಕ್ಕೆ ಮೊದಲಿದ್ದ ಹಬ್ಬಗಳನ್ನೂ ದೇವತೆಗಳನ್ನೂ ಈಗ ಹೊಸದಾಗಿ ಕಟ್ಟಿಕೊಂಡು ಆಚರಿಸುವವರು ತಾವು, ಒಂದು ಸಣ್ಣ ಗುಂಪಿದೆ, ಸದ್ಯಕ್ಕೆ ವಿಡಿಯೊದಲ್ಲೇ ಸೇರುತ್ತೇವೆ ಎಂದರು. ನನ್ನ ಮೈಯಲ್ಲಿ ರಕ್ತ ಸಂಚಾರ ಶುರುವಾಯಿತು.

ಅವರ ಇಂಗ್ಲಿಷು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

“ಮರಕ್ಕೆ ನಿಮ್ಮ ಮಾತು ಕೇಳಿಸುತ್ತೆ ಅನ್ನೋದಕ್ಕೆ ಪುರಾವೆ ಏನಿದೆ?” ಎಂದೆ, ಎರಡು ಮೀಟರ್ ದೂರದಿಂದ.

“ಏನೂ ಇಲ್ಲ.”

“ಮತ್ತ್ಯಾಕೆ ಮಾತಾಡ್ತೀರಿ?”

“ಗಂಡನ ಹತ್ರ ಮೂವತ್ತು ವರ್ಷ ಮಾತಾಡಿದೆ. ಆಗ್ಲೂ ಪುರಾವೆ ಇರ್ಲಿಲ್ಲ.”

ಹೀಗೆ ಇಡೀ ಬೇಸಗೆ ಹೋಯಿತು. ನಾನು ಪೂರ್ವಪಕ್ಷ ಹೂಡುವುದು, ಅವರು ಪಾಲಕ್ ಸೊಪ್ಪಿಗೆ ನೀರು ಹಾಕುತ್ತ “ಗ್ರ್ಯಾಂಡ್, ಗ್ರ್ಯಾಂಡ್” ಅನ್ನುವುದು. ಐರಿಶ್ ಜನರ ‘ಗ್ರ್ಯಾಂಡ್’ ಅಂದರೆ ನಮ್ಮ ‘ಆಯ್ತು ಬಿಡಮ್ಮ’. ಅದಕ್ಕೆ ಪ್ರತಿವಾದವಿಲ್ಲ. ಎದುರಾಳಿ ಮೈದಾನಕ್ಕೇ ಇಳಿಯದಿದ್ದರೆ ಗೆಲ್ಲುವುದು ಹೇಗೆ? ಗುಂಪಿನ ವಿಡಿಯೊ ಸಭೆಗೇ ನುಗ್ಗಿ ಎಲ್ಲರನ್ನೂ ಒಟ್ಟಿಗೆ ಸೋಲಿಸುವುದೆಂದು ನಿರ್ಧರಿಸಿದೆ. ‘ವೀಕ್ಷಕಳಾಗಿ ಬರಬಹುದೇ’ ಎಂದು ಕೇಳಿದೆ. ಗ್ರ್ಯಾಂಡ್ ಎಂದರು.

ಒಂದು ವಾರ ತಯಾರಿ ಮಾಡಿದೆ. ‘ನೀನು ದೇವರನ್ನು ನಂಬುತ್ತೀಯಾ’ ಎಂದರೆ ಈ ಉತ್ತರ, ‘ನಿನ್ನ ಧರ್ಮ ಯಾವುದು’ ಎಂದರೆ ಆ ಉತ್ತರ, ‘ಮತ್ತೆ ಇಲ್ಲಿಗೆ ಯಾಕೆ ಬಂದೆ’ ಎಂದರೆ ನಡುವೆ ಒಂದು ನಾಟಕೀಯ ಮೌನ ಸೇರಿದಂತೆ ಪೂರಾ ಭಾಷಣ. ಯಾರೂ ಏನೂ ಕೇಳಲಿಲ್ಲ. ಬಾ ಎಂದರು, ಹವಾಮಾನ ಹೇಳಿದರು, ಮೇಣದಬತ್ತಿ ಹಚ್ಚಿದರು, ಯಾರದೋ ಮೊಣಕಾಲಿನ ಆಪರೇಷನ್ ಮುಂದಕ್ಕೆ ಹೋದದ್ದಕ್ಕೆ ಮರುಗಿದರು. ನನ್ನ ಉತ್ತರಗಳೆಲ್ಲ ಇಸ್ತ್ರಿ ಹಾಕಿಸಿಕೊಂಡು ಬೀರುವಿನಲ್ಲೇ ಉಳಿದವು.

ಕೊನೆಯಲ್ಲಿ ಪಕ್ಕದ ಮನೆಯಾಕೆ ಹೇಳಿದರು, “ಇನ್ಮೇಲೆ ಬಾಗಿಲು ನಿಂದು.”

ಅವರ ಪದ್ಧತಿ ಅದು. ಎಲ್ಲರಿಗಿಂತ ಕೊನೆಗೆ ಗುಂಪು ಸೇರಿದವರು ಬಾಗಿಲು ಕಾಯಬೇಕು, ಮುಂದೆ ಬರುವವರನ್ನು ಬರಮಾಡಿಕೊಳ್ಳಬೇಕು. “ಒಳಗೆ ಬರೋಕೆ ಎಷ್ಟು ಮುಜುಗರ ಆಗುತ್ತೆ ಅನ್ನೋದು ಇನ್ನೂ ನೆನಪಿರೋದು ಅವರಿಗೊಬ್ಬರಿಗೇ ತಾನೆ,” ಎಂದರು. ಮೊದಲೆಲ್ಲ ಗುಂಪು ಸೇರುತ್ತಿದ್ದ ಗುಡ್ಡದ ಬುಡದ ಗೇಟಿನ ಹತ್ತಿರ ನಿಲ್ಲುತ್ತಿದ್ದರಂತೆ. ಈಗ ಪರದೆಯ ಮೂಲೆಯಲ್ಲಿ ‘ಒಬ್ಬರು ಕಾಯುತ್ತಿದ್ದಾರೆ’ ಎಂದು ಬಂದಾಗ ಗುಂಡಿ ಒತ್ತಿ ಒಳಗೆ ಬಿಡುವುದು. ಅದರ ಜೊತೆಗೆ ಇನ್ನೊಂದು ನಿಯಮ: ಹೊಸಬರು ತಾವಾಗಿ ಏನಾದರೂ ಕೇಳುವವರೆಗೂ ಅವರನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ.

“ಯಾಕೆ?” ಎಂದೆ. ಬೇರೇನು ಅನ್ನಬಲ್ಲೆ.

“ಇಲ್ಲಿಗೆ ಬರೋರು ಬೇಕಾದಷ್ಟು ಪ್ರಶ್ನೆ ಕೇಳಿಸ್ಕೊಂಡೇ ಬಂದಿರ್ತಾರೆ. ಮನೇಲಿ, ಸ್ಕೂಲಲ್ಲಿ, ಚರ್ಚಲ್ಲಿ.”

ನಮ್ಮ ಕಡೆ ಸ್ವಾಗತವೆಂದರೆ ಪ್ರಶ್ನೆಯೇ. ಡಬ್ಲಿನ್ನಿಗೆ ಬಂದ ಹೊಸದರಲ್ಲಿ ಸಿಟಿವೆಸ್ಟಿನ ಕನ್ನಡದವರ ಮನೆಯೊಂದಕ್ಕೆ ಊಟಕ್ಕೆ ಹೋಗಿದ್ದೆ. ಶೂ ಬಿಚ್ಚುವಷ್ಟರಲ್ಲಿ ಯಾವೂರು, ಮೈಸೂರಲ್ಲಿ ಯಾವ ಬಡಾವಣೆ, ಯಾವ ಕಂಪನಿ, ಯಾವ ಪರ್ಮಿಟ್ಟು ಮುಗಿದಿತ್ತು. ಬಿಸಿಬೇಳೆಬಾತು ತಟ್ಟೆಗೆ ಬೀಳುವಷ್ಟರಲ್ಲಿ ನನ್ನ ಮದುವೆಯ ವಿಷಯಕ್ಕೆ ಬಂದಿದ್ದರು. ಆ ಮನೆಯ ಪುಟ್ಟ ಹುಡುಗಿ ಮಾತ್ರ ಅಪ್ಪಟ ಐರಿಶ್ ರಾಗದಲ್ಲಿ “ಲೀವ್ ಹರ್ ಅಲೋನ್, ಮ್ಯಾಮ್” ಎಂದು ಅಮ್ಮನನ್ನು ಗದರಿತ್ತು. ಆಗ ನನಗೆ ಸಿಟ್ಟು ಬಂದಿತ್ತು ನಿಜ. ಆದರೆ ಆ ಮನೆಯವರಿಗೂ ನನಗೂ ವ್ಯತ್ಯಾಸವೇನು? ಅವರ ಪ್ರಶ್ನೆಗಳ ಜೊತೆ ಊಟವಾದರೂ ಇರುತ್ತಿತ್ತು.

ತಿಂಗಳುಗಟ್ಟಲೆ ಯಾರೂ ಹೊಸಬರು ಬರಲಿಲ್ಲ. ಹಳಬರಿಗೇ ಗುಂಡಿ ಒತ್ತುತ್ತ ಕೂತೆ. ಅಕ್ಟೋಬರ್ ಮುಗಿಯುತ್ತ ಬಂದಾಗ ಮತ್ತೆ ಎಲ್ಲ ಮುಚ್ಚಿತು. ಮನೆಯಿಂದ ಐದು ಕಿಲೋಮೀಟರಿನ ಆಚೆ ಹೋಗುವಂತಿಲ್ಲ, ಯಾರ ಮನೆಗೂ ಕಾಲಿಡುವಂತಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು, ಎಂದೂ ಇಲ್ಲದ ಗಂಭೀರ ಮುಖದಲ್ಲಿ ನಿಂತರು.

“ಸೌವಿನ್ ದಿನ ಒಬ್ಬ ಬರ್ತಾನೆ.”

ಸೌವಿನ್ ಅಂದರೆ ಅಕ್ಟೋಬರಿನ ಕೊನೆಯ ದಿನ ಅವರು ಮಾಡುವ ಹಿರಿಯರ ಹಬ್ಬ. ಸತ್ತವರಿಗೆ ತಟ್ಟೆ ಇಟ್ಟು, ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಒಬ್ಬರು ಹೇಳಿದ ಹೆಸರನ್ನು ಉಳಿದವರೆಲ್ಲ ತಿರುಗಿ ಹೇಳುತ್ತಾರೆ. ಬರುವವನು ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಗೋಡೌನಿನಲ್ಲಿ ಕೆಲಸ ಮಾಡುವವನು. ವಸಂತದಲ್ಲಿ ಅವನ ತಾಯಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ತೀರಿಕೊಂಡಿದ್ದರು. ಅದೇ ವಾರ ಅವನಿಗೂ ಜ್ವರ. ಶವಸಂಸ್ಕಾರವನ್ನು ಫೋನಿನಲ್ಲಿ ನೋಡುತ್ತಿದ್ದನಂತೆ. ಪೆಟ್ಟಿಗೆಯನ್ನು ಎತ್ತುವಷ್ಟರಲ್ಲಿ ಸಂಪರ್ಕ ಹೋಯಿತು.

“ಅವತ್ತಿಂದ ಅಮ್ಮನ ಹೆಸರು ಬಾಯಲ್ಲಿ ಬಂದಿಲ್ಲ ಅಂತ ಅವನ ತಂಗಿ ಹೇಳಿದ್ಲು. ಚರ್ಚಿಗೆ ಹೋಗಲ್ಲ, ಡಾಕ್ಟರ ಹತ್ರ ಹೋಗಲ್ಲ. ಇಲ್ಲಿಗೆ ಒಂದ್ಸಲ ಬರ್ತೀನಿ, ಹೆಸರು ಹೇಳಿ ಹೋಗ್ತೀನಿ ಅಂದಿದಾನೆ. ಒಂದೇ ಸಲ,” ಎಂದು ನನ್ನ ಮುಖ ನೋಡಿದರು. “ಬಾಗಿಲಲ್ಲಿ ನೀನಿರ್ತೀಯ.”

ಕೊನೆಯ ವಾಕ್ಯವನ್ನು ಅವರು ಹೇಳಿದ್ದು ಭರವಸೆಯಿಂದಲ್ಲ, ಹವಾಮಾನ ಇಲಾಖೆಯವರು ಬಿರುಗಾಳಿಯ ಎಚ್ಚರಿಕೆ ಕೊಡುವ ಧಾಟಿಯಲ್ಲಿ.

ವಾಟರ್‌ಫರ್ಡಿನ ಗೆಳತಿಗೆ ಫೋನ್ ಮಾಡಿದೆ.

“ಏನೇ, ನಾಸ್ತಿಕರ ಸಂಘದ ಅಧ್ಯಕ್ಷೆ ಈಗ ದೆವ್ವಗಳ ಆಫೀಸಲ್ಲಿ ರಿಸೆಪ್ಷನಿಸ್ಟಾ?” ಎಂದು ಮನಸಾರೆ ನಕ್ಕಳು. ಆಮೇಲೆ ಕರುಣೆ ಬಂತು. “ಸರಿ, ಪ್ರಾಕ್ಟೀಸ್ ಮಾಡ್ಸ್ತೀನಿ. ನಾನೇ ಹೊಸಬ. ಶುರು ಮಾಡು.”

“ಹಲೋ. ಕೇಳಿಸ್ತಿದೆಯಾ?”

“ಔಟ್! ಪ್ರಶ್ನೆ.”

“ಸರಿ ಸರಿ. ಹಲೋ. ನೀವು ಬಂದಿದೀರಿ.”

“ಗೊತ್ತು ಕಣಮ್ಮ, ಬಂದಿರೋನು ನಾನೇ.”

“ಹೊರಗೆ ಮಳೆ ಬರ್ತಿದೆ.”

“ಐರ್ಲೆಂಡಲ್ಲಿ ಇದನ್ನ ನ್ಯೂಸ್ ಅಂತ ಹೇಳ್ತಿದೀಯಾ?”

“ನಿಮ್ಮ ಹಿಂದೆ... ಒಂದು ಗೋಡೆ ಇದೆ.”

“ಅಯ್ಯೋ ಕರ್ಮವೇ. ಪೊಲೀಸ್ ಮಹಜರು ಬರ್ಕೊಳ್ತಿದೀಯೇನೇ?”

ಪ್ರಶ್ನೆ ಇಲ್ಲದೆ ಮಾತಾಡಲು ಹೋದಾಗ ತಿಳಿದದ್ದು, ನನ್ನ ಹತ್ತಿರ ಇರುವುದು ಪ್ರಶ್ನೆ ಮಾತ್ರ. ಅದನ್ನು ತೆಗೆದರೆ ನಾನು ಮಳೆ ಮತ್ತು ಗೋಡೆ.

ಸೌವಿನ್ ಸಂಜೆ ಅವನು ಎಲ್ಲರಿಗಿಂತ ಮೊದಲೇ ಬಂದ. ಒಳಗೆ ಬಿಟ್ಟೆ. ಪರದೆಯಲ್ಲಿ ಅರ್ಧ ಹಣೆ, ಉಳಿದದ್ದೆಲ್ಲ ಅಡುಗೆಮನೆಯ ಸೂರು.

“ನೀವು ಬಂದದ್ದು ಒಳ್ಳೇದಾಯ್ತು,” ಎಂದೆ. ಹಣೆ ಸ್ವಲ್ಪ ಅಲುಗಿತು. “ನಾನು ಬಾಗಿಲು ಕಾಯೋಳು.” ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಬಸ್‌ಸ್ಟಾಪಿನಲ್ಲಿ ನೂಕಾಡುವಂತೆ ನೂಕಾಡುತ್ತಿದ್ದವು. “ನಿಮ್ಮ ಕೆಟಲ್ ಕುದೀತಿದೆ.”

“ಹೌದು,” ಎಂದು ಎದ್ದು ಹೋದ. ಇದಕ್ಕಿಂತ ದೊಡ್ಡ ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಉಳಿದವರು ಬಂದರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅವನೂ ಕೂತಿದ್ದ, ಕೈಯಲ್ಲಿ ಒಣದ್ರಾಕ್ಷಿ ಬ್ರೆಡ್ಡಿನ ಒಂದು ತುಂಡು ಇಟ್ಟುಕೊಂಡ ತಟ್ಟೆ. ಆಗ ಪಕ್ಕದ ಮನೆಯಾಕೆ, “ಈಗ ಎಲ್ಲರೂ ತಟ್ಟೆಗಳನ್ನ ಪಶ್ಚಿಮದ ಕಡೆ ಇಡಿ. ಸೂರ್ಯ ಮುಳುಗೋ ದಿಕ್ಕು, ನಮ್ಮವರು ಹೋದ ದಿಕ್ಕು,” ಎಂದರು.

“ತಪ್ಪು,” ಎಂದಿತು ಒಂದು ಧ್ವನಿ. ಅದು ನನ್ನದು. “ದಕ್ಷಿಣ.”

ನನಗೇ ಆಶ್ಚರ್ಯವಾಗಿ ಸುಮ್ಮನಾಗಬೇಕಿತ್ತು. ಆದರೆ ಗುಂಪಿನಲ್ಲೊಬ್ಬರು ನಿವೃತ್ತ ಮೇಷ್ಟ್ರು, “ಪಶ್ಚಿಮವೇ ಸರಿ, ಅದು ನೀರಿನ ದಿಕ್ಕು” ಎಂದುಬಿಟ್ಟರು. ಬೇಸಗೆಯಿಡೀ ಕಾದಿದ್ದೆ. ಕೊನೆಗೂ ಒಬ್ಬರು ಮೈದಾನಕ್ಕಿಳಿದಿದ್ದರು.

“ಹಿರಿಯರು ಇರೋದು ದಕ್ಷಿಣದಲ್ಲಿ. ಯಮನ ದಿಕ್ಕು ಅದು. ಪಶ್ಚಿಮಕ್ಕಿಟ್ರೆ ಯಾರಿಗೆ ಮುಟ್ಟುತ್ತೆ?”

“ಅದು ಇಂಡಿಯಾದಲ್ಲಿರಬಹುದು.”

“ದಿಕ್ಕಿಗೆ ವೀಸಾ ಇರುತ್ತಾ ಮೇಷ್ಟ್ರೇ?”

“ನೀನು ಇದನ್ನೆಲ್ಲ ನಂಬಲ್ಲ ಅಲ್ವಾ?” ಎಂದರು ಪಕ್ಕದ ಮನೆಯಾಕೆ.

“ನಂಬಿಕೆ ಬೇರೆ, ದಿಕ್ಕು ಬೇರೆ!”

ಅಜ್ಜಿ ನನಗೆ ಹೇಳುತ್ತಿದ್ದ, ನಾನು ಜಗಲಿಯ ಮೇಲೆ ಕೂತು ಗೇಲಿ ಮಾಡುತ್ತಿದ್ದ ಒಂದೊಂದು ವಾಕ್ಯವೂ ಆವತ್ತು ನನ್ನ ಬಾಯಿಂದ ಶುದ್ಧ ಇಂಗ್ಲಿಷಿನಲ್ಲಿ ಹೊರಬಿತ್ತು. ಕಾಗೆಯ ವಿಷಯವನ್ನೂ ಬಿಡಲಿಲ್ಲ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬುದನ್ನೂ ಸೇರಿಸಿದೆ. ಮೇಷ್ಟ್ರು ತತ್ತರಿಸುತ್ತಿದ್ದರು. ಇನ್ನೊಂದೇ ಅಂಶ, ಗೆದ್ದುಬಿಡುತ್ತಿದ್ದೆ.

“ಆ ಹುಡುಗ ಎಲ್ಲಿ?” ಎಂದರು ಮೇಷ್ಟ್ರು.

ಪರದೆಯಲ್ಲಿ ಅವನ ಚೌಕ ಇರಲಿಲ್ಲ.

ಪಕ್ಕದ ಮನೆಯಾಕೆ ‘ಗ್ರ್ಯಾಂಡ್’ ಎನ್ನಲಿಲ್ಲ. ಗೋಡೆಯಾಚೆ ಅವರ ಕುರ್ಚಿ ಸರಿದ ಸದ್ದು ಕೇಳಿಸಿತು. ಆರು ತಿಂಗಳು ನುಂಗಿಕೊಂಡ ಹೆಸರನ್ನು ಹೇಳಲು ಬಂದವನೊಬ್ಬನನ್ನು, ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ, ನಿಯಮ ಮುರಿಯದೆ ಓಡಿಸಿದ್ದೆ. ಕ್ಷಮೆ ಕೇಳಲು ವಾಕ್ಯ ಹುಡುಕುತ್ತ ಕಣ್ಣು ತಗ್ಗಿಸಿದಾಗ ಪರದೆಯ ಮೂಲೆ ಕಂಡಿತು. ಒಬ್ಬರು ಕಾಯುತ್ತಿದ್ದಾರೆ.

ಯಾವಾಗಿನಿಂದಲೋ. ನಾನು ಯಮನನ್ನು ದಕ್ಷಿಣಕ್ಕೆ ಕೂರಿಸುವುದರಲ್ಲಿದ್ದೆ.

ಗುಂಡಿ ಒತ್ತಿದೆ. ಅವನು ಹಿತ್ತಿಲ ಕತ್ತಲಲ್ಲಿ ನಿಂತಿದ್ದ, ತಲೆಗೆ ಟೋಪಿ ಎಳೆದುಕೊಂಡು, ಒಂದು ಕೈಯಲ್ಲಿ ತಟ್ಟೆ. ನನಗೆ ಹೇಳಲು ಮಳೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

“ತೀರ್ಮಾನ ಆಯ್ತಾ?” ಎಂದು ಅವನೇ ಕೇಳಿದ. “ಒಬ್ಬರು ಪಶ್ಚಿಮ ಅಂದ್ರಿ, ಇನ್ನೊಬ್ಬರು ದಕ್ಷಿಣ. ಯಾವ ಕಡೆ ಯಾವ್ದು ಅಂತ ನೋಡೋಕೆ ಹಿತ್ತಿಲಿಗೆ ಬಂದೆ, ವೈಫೈ ಹೋಯ್ತು. ಮೊಬೈಲ್ ಡೇಟಾದಲ್ಲಿ ವಾಪಸ್ ಸೇರಿದ್ರೆ ಯಾರೂ ಬಾಗಿಲೇ ತೆಗೀಲಿಲ್ಲ. ಒಳ್ಳೆ ಜನ ನೀವು.”

ಮೇಷ್ಟ್ರು ಮೊದಲು ನಕ್ಕರು. ಹೊಸಬ ತಾನಾಗಿ ಕೇಳಿಯಾಗಿತ್ತು. ಇನ್ನು ನಾನು ಕೇಳಬಹುದಿತ್ತು. ಇಷ್ಟು ಹೊತ್ತು ನೂಕಾಡುತ್ತಿದ್ದ ಪ್ರಶ್ನೆಗಳೆಲ್ಲ ಎಲ್ಲಿಗೆ ಹೋದವೋ, ಉಳಿದದ್ದು ಒಂದೇ.

“ನಿಮ್ಮಮ್ಮ ಇದ್ದಿದ್ರೆ ಯಾವ ಕಡೆ ಇಡು ಅಂತಿದ್ರು?”

ಸ್ವಲ್ಪ ಯೋಚಿಸಿದ. “ಟಿವಿ ಕಾಣೋ ಕಡೆ,” ಎಂದ.

ಒಳಗೆ ಹೋಗಿ, ಟಿವಿಯ ಎದುರಿನ ಹಳೆಯ ಕುರ್ಚಿಯ ಮೇಲೆ ತಟ್ಟೆ ಇಟ್ಟ. ಫೋನನ್ನು ಎಲ್ಲಿಗೋ ಒರಗಿಸಿದ. ಕುರ್ಚಿಯೂ ತಟ್ಟೆಯೂ ಅವನ ಭುಜವೂ ಕಾಣಿಸುತ್ತಿದ್ದವು. ಪಶ್ಚಿಮ ಎಲ್ಲಿತ್ತೋ, ದಕ್ಷಿಣ ಎಲ್ಲಿತ್ತೋ. ನಾನು ಇನ್ನೇನಾದರೂ ಬಾಯಿಬಿಟ್ಟೇನೆಂದು ಹೆದರಿ ಮೈಕ್ ಮುಚ್ಚಿಕೊಂಡೆ. ಪಕ್ಕದ ಮನೆಯಾಕೆ ತಮ್ಮ ಗಂಡನ ಹೆಸರು ಹೇಳಿದರು, ಎಲ್ಲರೂ ತಿರುಗಿ ಹೇಳಿದರು. ಮೇಷ್ಟ್ರು ಒಬ್ಬ ತಮ್ಮನ ಹೆಸರು ಹೇಳಿದರು. ಆಮೇಲೆ ಅವನ ಸರದಿ. ಅವನು ಬಾಯಿ ತೆರೆದ, ಮುಚ್ಚಿದ, ಗಂಟಲು ಸರಿಮಾಡಿಕೊಂಡ.

ಹೇಳಿದ.

ವಿಡಿಯೊದಲ್ಲಿ ಏನೂ ಒಟ್ಟಿಗೆ ಬರುವುದಿಲ್ಲ. ಆ ಹೆಸರು ಒಬ್ಬೊಬ್ಬರ ಬಾಯಿಂದ ಒಂದೊಂದು ಗಳಿಗೆಗೆ, ಚದುರಿ, ಒಂದರ ಮೇಲೊಂದು ಬಿದ್ದು ಬಂತು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಮುಗಿದಾಗ ಕಣ್ಣು ತೆರೆದ.

“ಬಾಗಿಲಲ್ಲಿರೋಳು ಹೇಳಲಿಲ್ಲ.”

ನಾನು ಹೇಳಿದ್ದೆ. ಮುಚ್ಚಿದ ಮೈಕಿಗೆ ಹೇಳಿದ್ದೆ. ಮೈಕ್ ತೆರೆದು, ಹೇಳಿದ್ದೇನೆ, ತಾಂತ್ರಿಕ ಕಾರಣದಿಂದ ಕೇಳಿಸಿಲ್ಲ ಅಷ್ಟೇ ಎಂದು ವಾದ ಶುರು ಮಾಡುವುದರಲ್ಲಿದ್ದೆ.

“ಅಮ್ಮ ಹಂಗೇ,” ಎಂದ ಅವನು. “ಊಟಕ್ಕೆ ಮನೇಲಿರೋರೆಲ್ಲ ಒಬ್ಬೊಬ್ಬರಾಗಿ ಕರೀಬೇಕು. ಒಬ್ಬರು ಕರೀದಿದ್ರೂ ಈ ಕುರ್ಚಿಯಿಂದ ಏಳ್ತಿರ್ಲಿಲ್ಲ. ‘ಕೇಳಿಸ್ಲಿಲ್ಲ’ ಅನ್ನೋಳು.”

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು, ಎಂದೂ ನೋಡದ ಹೆಂಗಸೊಬ್ಬಳ ಹೆಸರು ಹಿಡಿದು ನಾನು ಗಟ್ಟಿಯಾಗಿ ಕರೆದೆ.

ಅವನು ತಿರುಗಿ ಕುರ್ಚಿಯ ಕಡೆ ನೋಡಿದ. ನಾನೂ ನೋಡಿದೆ.