ಸುಶಿ ಅಂಗಡಿಯಲ್ಲಿ ಅತ್ತೆಯ ಬೀಸಣಿಗೆ

ಅತ್ತೆ ಕುರ್ಚಿ ಸರಿಸಿ ಎದ್ದೇಬಿಟ್ಟರು. ನನ್ನ ಮಗಳ ಹುಟ್ಟುಹಬ್ಬದ ಊಟ ಕೆಟ್ಟಿತಲ್ಲ ಎಂದು ನನಗೆ ಗಾಬರಿ. ಕೈಗೆಟುಕುವ ಬೆಲೆಯ ಈ ಸುಶಿ ಅಂಗಡಿಯನ್ನು ಅವಳು ಯಲಹಂಕವೆಲ್ಲ ಹುಡುಕಿ ಕಂಡುಹಿಡಿದಿದ್ದಳು. ಹಸಿ ಮೀನಿನ ಜಾಗದಲ್ಲಿ ನೀರೂ ಮುಟ್ಟುವುದಿಲ್ಲ ಎಂದೇ ಅತ್ತೆ ಬಂದಿದ್ದರು.

ಆದರೆ ಅವರು ಹೋದದ್ದು ಬಾಗಿಲಿಗಲ್ಲ, ಎದುರಿಗಿದ್ದ ಅಡುಗೆಕಟ್ಟೆಗೆ. ಅಲ್ಲಿ ಅಡುಗೆಯ ಹುಡುಗಿ ಅಗಲವಾದ ಮರದ ಪಾತ್ರೆಯಲ್ಲಿ ಬಿಸಿ ಅನ್ನ ಹರಡಿ, ಒಂದು ಕೈಯಲ್ಲಿ ಕಲಸುತ್ತ, ಇನ್ನೊಂದರಲ್ಲಿ ಬೀಸಣಿಗೆ ಬೀಸುತ್ತಿದ್ದಳು.

"ಕೊಡಮ್ಮ ಇಲ್ಲಿ, ನಾನು ಬೀಸ್ತೀನಿ. ಅಗುಳು ಮುರೀದಂಗೆ ಕಲಸು ನೀನು," ಎಂದರು ಅತ್ತೆ.

"ಅಜ್ಜಿ, ನಿಮ್ಮನೇಲೂ ಸುಶಿ ಮಾಡ್ತೀರಾ?"

"ಪುಳಿಯೋಗರೆ ಕಣಮ್ಮ!"

ಆಮೇಲೆ ಮೀನಿಲ್ಲದ ಸೌತೆಕಾಯಿ ಸುಶಿ ನಾಲ್ಕು ತಿಂದರು.

ಈಗ ಮನೆಯಲ್ಲಿ ಪುಳಿಯೋಗರೆಗೆ ಅನ್ನ ಆರಿಸುವಾಗೆಲ್ಲ ಅತ್ತೆಗೆ ಒಂದೇ ಚಿಂತೆ: "ಆ ಹುಡುಗಿಗೆ ಬೀಸಿಕೊಡೋರು ಯಾರಿದಾರೋ, ಪಾಪ!"