ಎರಡು ಕೈಯ ಹೊಲಿಗೆ

ನಮ್ಮಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನು ಅಳೆದುಕೊಟ್ಟ ಹಾಲನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ದೇವಸ್ಥಾನದ ಪ್ರಸಾದವನ್ನೂ ಮೂಸಿಯೇ ಬಾಯಿಗೆ ಹಾಕುತ್ತಾಳೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವಳಿಗಾಗಿಯೇ ಹುಟ್ಟಿರಬೇಕು. ಆದರೆ ಇದು ಬರೀ ಸ್ವಭಾವವಲ್ಲ, ಕಸುಬು ಕಲಿಸಿದ ಬುದ್ಧಿ. ಮೆಟ್ಟುಪಾಳ್ಯದ ಹತ್ತಿರದ ನಮ್ಮ ಊರಿನಲ್ಲಿ ನಾವು ತಲೆಮಾರುಗಳಿಂದ ರೇಷ್ಮೆ ಸೀರೆ ನೇಯುವವರು. ನೂಲು ಬಂಡವಾಳ ಹಾಕುವ ಮೊದಲಾಳಿಯದು, ಸೀರೆಯ ಡಬ್ಬದ ಮೇಲಿನ ಹೆಸರು ಕೊಯಮತ್ತೂರಿನ ಅಂಗಡಿಯದು, ನೇಯ್ದ ಕೈ ಮಾತ್ರ ನಮ್ಮದು. ಹಾಗಾಗಿ ಎಲ್ಲಾದರೂ ದೊಡ್ಡ ಹೆಸರಿನ ಬೋರ್ಡು ಕಂಡರೆ ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಕೈ ಯಾರ್ದು?"

ಅಕ್ಕನ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಗಲೇಬೇಕು ಎಂದಾಗಲೂ ಅವಳು ಅದನ್ನೇ ಕೇಳಿದಳು. ಅಕ್ಕ ಕೊಯಮತ್ತೂರಿನ ಸೀರೆ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವಳು. ಒಂದು ಸೀರೆ ಕೇಳಿಕೊಂಡು ಬಂದವರಿಗೆ ಮೂರು ಕಟ್ಟಿಸಿ ಕಳಿಸುವ ಬಾಯಿ ಅವಳದು. ಆ ಗ್ರಂಥಿಯ ಬೆನ್ನಿಗೇ ಮಾತಿನ ನರ ಅಂಟಿಕೊಂಡು ಹೋಗುತ್ತದೆ, ಕತ್ತಿನ ಎರಡು ಪಕ್ಕಕ್ಕೂ ಒಂದೊಂದು ಇದೆ ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ಅಕ್ಕನನ್ನು ಸೇರಿಸಿದ ಕೊಯಮತ್ತೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ದೊಡ್ಡ ಡಾಕ್ಟರನ್ನು ಅರಿಯದವರು ನಮ್ಮ ಕಡೆ ಕಡಿಮೆ. ಪೊಳ್ಳಾಚಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಕತ್ತಿನ ಆಪರೇಷನ್ ಎಂದರೆ ಜನ ಮದರಾಸಿನ ರೈಲು ಹತ್ತುತ್ತಿದ್ದ ಕಾಲದಲ್ಲಿ ಅದನ್ನು ಇಲ್ಲೇ ಮಾಡಿ ತೋರಿಸಿದವರು, ಗೊತ್ತಿದ್ದುದನ್ನು ಗಂಟು ಕಟ್ಟಿ ಇಟ್ಟುಕೊಳ್ಳದೆ ಕಲಿಸಿದವರು. ಪೊಳ್ಳಾಚಿಯಿಂದ ಮೆಟ್ಟುಪಾಳ್ಯದವರೆಗೆ ಯಾವ ಊರಿನ ಸರ್ಜನ್‌ನನ್ನು ಕೇಳಿದರೂ ಅವರ ಶಿಷ್ಯನೇ. ಊರವರು ಇದನ್ನು ಹೊಗಳಿಕೆಯಾಗಿ ಹೇಳಿದರೆ ಅಮ್ಮನ ಮುಖ ಕಪ್ಪಿಡುತ್ತಿತ್ತು. "ಅಷ್ಟು ಜನ ಯಾರ ಮೈ ಮೇಲೆ ಕಲ್ತ್ರು?" ಎಂದು ಕೇಳುತ್ತಿದ್ದಳು.

ಅವರು ನಮ್ಮ ಮನೆಮಾತಾದ ಕನ್ನಡವನ್ನೇ ಆಡುತ್ತಾರೆ ಎಂದು ತಿಳಿದಾಗ ನನಗೆ ಜೀವ ಬಂದಂತಾಯಿತು. ಅಮ್ಮನಿಗೆ ಅದೂ ಅನುಮಾನವೇ. ಕೆಟ್ಟ ನೂಲು ತಂದವನು ಯಾವತ್ತೂ ನಮ್ಮ ಮಾತಿನಲ್ಲೇ ನಯವಾಗಿ ಮಾತಾಡುತ್ತಾನಂತೆ.

ದಿನವೂ ಬೆಳಿಗ್ಗೆ ಅವರು ವಿದ್ಯಾರ್ಥಿಗಳ ಹಿಂಡು ಕಟ್ಟಿಕೊಂಡು ವಾರ್ಡಿಗೆ ಬರುತ್ತಿದ್ದರು. ಒಬ್ಬೊಬ್ಬರಿಂದಲೂ ಅಕ್ಕನ ಕತ್ತು ಮುಟ್ಟಿಸುವರು, ತಪ್ಪು ಹೇಳಿದವರಿಂದ ಮತ್ತೆ ಮುಟ್ಟಿಸುವರು. ತಾವು ಮಾತ್ರ ಕೈಯನ್ನು ಕೋಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ. ದೊಡ್ಡವರ ಠೀವಿ ಎಂದುಕೊಂಡೆ. ಯಾವಾಗಲೂ ಅವರ ಪಕ್ಕದಲ್ಲೇ ಇರುತ್ತಿದ್ದ ಕನ್ನಡಕದ ಹುಡುಗಿಯನ್ನು ವಾರ್ಡಿನವರು ಚಿಕ್ಕ ಡಾಕ್ಟರ್ ಎಂದು ಕರೆಯುತ್ತಿದ್ದರು. ಅಮ್ಮನ ಕಣ್ಣು ಆ ಹುಡುಗಿಯ ಮೇಲೇ ನೆಟ್ಟಿತು.

"ನೀವೇ ತಾನೆ ಮಾಡೋದು? ನಿಜ ಹೇಳುಂಗ," ಎಂದು ಅಮ್ಮ ಕೇಳಿಯೇಬಿಟ್ಟಳು.

"ನಾನೇ ಮಾಡ್ತೀನಿ ಅಮ್ಮಾ," ಎಂದರು ದೊಡ್ಡ ಡಾಕ್ಟರ್.

ಆಪರೇಷನ್ ಆಯಿತು. ಗ್ರಂಥಿಯ ಬಲಗಡೆಯ ಅರ್ಧ ತೆಗೆದರು. ಅಕ್ಕನಿಗೆ ಎಚ್ಚರವಾದಾಗ ಬಂದ ದನಿ ಅವಳದಾಗಿರಲಿಲ್ಲ, ಒರಟಾಗಿ, ಗಾಳಿ ಸೇರಿಕೊಂಡಂತಿತ್ತು. ನರಕ್ಕೆ ಆಯಾಸವಾಗಿದೆ, ಸರಿಹೋಗಬಹುದು ಎಂದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಮಾತಾಡಿಸಿದರೆ ತಲೆ ಆಡಿಸುವಳು, ಅಷ್ಟೇ.

ಬ್ಯಾಂಡೇಜು ಬಿಚ್ಚಿದ ದಿನ ಅಮ್ಮ ಅವಳ ಕತ್ತಿನ ಮೇಲೆ ಬಗ್ಗಿದಳು. ಕಪ್ಪು ದಾರದ ಹೊಲಿಗೆ, ಈ ಬದಿಯಿಂದ ಆ ಬದಿಗೆ. ಒಂದೇ ಮಗ್ಗದಲ್ಲಿ ಅಪ್ಪ ಅರ್ಧ, ತಾನು ಅರ್ಧ ನೇಯ್ದ ಸೀರೆಯಲ್ಲಿ ಕೈ ಎಲ್ಲಿ ಬದಲಾಯಿತೆಂದು ಅವಳಿಗೆ ಎಷ್ಟೋ ದೂರದಿಂದ ತಿಳಿಯುತ್ತದೆ. ಅವಳು ನನ್ನ ಮೊಣಕೈ ಹಿಡಿದು ಹೊರಗೆಳೆದಳು.

"ಎರಡು ಕೈ ಬಿದ್ದಿದೆ ಮಗಾ. ಎಡಗಡೆ ಸಮ ಇದೆ, ಅದು ದೊಡ್ಡವರ್ದು. ಬಲಗಡೆ ಒಂದು ಹತ್ರ ಒಂದು ದೂರ, ಅದು ಆ ಹುಡುಗೀದು. ಒಳಗೂ ಅವಳೇ ಕೈ ಹಾಕಿದಾಳೆ. ನಮ್ಮ ಹುಡುಗಿ ಗಂಟಲು ಹೋಗಿದ್ದು ಅದಕ್ಕೇ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಬರಲಿಲ್ಲ. ಅನುಮಾನ ಎಂಬುದು ಅಂಟುರೋಗ, ಅಮ್ಮನಿಂದ ನನಗೂ ಹತ್ತಿತು. ಚಿಕ್ಕ ಡಾಕ್ಟರ್ ನಮ್ಮ ಮುಂದೆ ಹಾದುಹೋಗುವಾಗ ಕಣ್ಣು ತಪ್ಪಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿ ಕಂಡಿತು, ಅವಳನ್ನು ಮನಸಾರೆ ದ್ವೇಷಿಸಿದೆ.

ಕೆಲವು ವಾರಗಳ ಮೇಲೆ ಲ್ಯಾಬಿನಿಂದ ಕೆಟ್ಟ ಸುದ್ದಿ ಬಂತು. ತೆಗೆದ ಗಂಟಿನಲ್ಲಿ ಕ್ಯಾನ್ಸರ್ ಇತ್ತು, ಉಳಿದ ಅರ್ಧವನ್ನೂ ತೆಗೆಯಬೇಕು. ಬಲಗಡೆಯ ನರ ಆಗಲೇ ಸೋತಿದೆ, ಎಡಗಡೆಯದಕ್ಕೂ ಪೆಟ್ಟಾದರೆ ಮಾತಷ್ಟೇ ಅಲ್ಲ, ಉಸಿರಿಗೂ ಕಷ್ಟ. ಅಮ್ಮ ನೇರ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಹಿಂದೆ ಅಕ್ಕ, ಅವಳ ಹಿಂದೆ ನಾನು. ಚಿಕ್ಕ ಡಾಕ್ಟರ್ ಅಲ್ಲೇ ಇದ್ದಳು.

"ಈ ಸಲ ಇವಳು ಮುಟ್ಟಬಾರ್ದು," ಅಂದಳು ಅಮ್ಮ, ಬೆರಳು ಚಾಚಿ. "ಹೋದ ಸಲ ನೀವೇ ಮಾಡ್ತೀನಿ ಅಂತ ಹೇಳಿ ಇವಳ ಕೈಗೆ ಕೊಟ್ರಿ. ಹೊಲಿಗೇಲಿ ಎರಡು ಕೈ ಇದೆ. ನಾವು ನೇಯೋವ್ರು, ನಮಗೆ ಕಾಣುತ್ತೆ."

ದೊಡ್ಡ ಡಾಕ್ಟರ್ ಅಕ್ಕನನ್ನು ಹತ್ತಿರ ಕರೆದು ಆ ಗಾಯದ ಗೆರೆಯನ್ನು ನೋಡಿದರು.

"ಎರಡು ಕೈ ಇರೋದು ನಿಜ. ಹೊಲಿಗೆ ಅರ್ಧ ನಾನು, ಅರ್ಧ ಇವಳು ಹಾಕಿದ್ವಿ. ಆದ್ರೆ ಸಮ ಇರೋದು ಇವಳ್ದು, ಅಮ್ಮಾ. ಸೊಟ್ಟಪಟ್ಟ ಇರೋದು ನನ್ದು. ಒಳಗೆ ಮಾಡಿದ್ದೆಲ್ಲಾ ನಾನೇ. ಸಣ್ಣ ನಡುಕ ಮೊದಲೇ ಇತ್ತು, ಕೆಲಸಕ್ಕೆ ನಿಂತ್ರೆ ನಿಲ್ಲುತ್ತೆ ಅಂದ್ಕೊಂಡಿದ್ದೆ. ಹೊಲೀವಾಗ್ಲೂ ಕೈ ನಡುಗೋದು ಕಾಣ್ತು. ಒಳಗೂ ನಡುಗಿತ್ತೋ ಏನೋ, ಅವತ್ತಿಂದ ನಂಗೇ ಸಂದೇಹ."

ಅಮ್ಮ ಜಗ್ಗಲಿಲ್ಲ.

"ಶಿಷ್ಯೇನ ಕಾಪಾಡಕ್ಕೆ ಹೇಳ್ತಿದೀರಿ."

ಅವರು ಸಿಟ್ಟಾಗಬಹುದೆಂದು ಕಾದೆ. ಅವರು ಚಿಕ್ಕ ಡಾಕ್ಟರಿಂದ ಸೂಜಿ, ದಾರ ತರಿಸಿಕೊಂಡರು. ಆಪರೇಷನ್ ಕೋಣೆಯ ಹಸಿರು ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ, ಜೇಬಿನಿಂದ ಕೈ ತೆಗೆದು, ನಮ್ಮೆದುರೇ ಹೊಲಿಯತೊಡಗಿದರು. ಬಲಗೈ ಸೂಜಿಯ ಹತ್ತಿರ ಹೋದಾಗಲೆಲ್ಲ ಸಣ್ಣಗೆ ಅದುರುತ್ತಿತ್ತು. ಚಿಕ್ಕ ಡಾಕ್ಟರ್ ಕಿಟಕಿಯ ಕಡೆ ತಿರುಗಿಕೊಂಡಳು. ಅವಳು ಅಳುತ್ತಿದ್ದಳು. ಅಷ್ಟು ದಿನ ಅವಳು ಕಣ್ಣು ತಪ್ಪಿಸಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಅಮ್ಮ ಬಟ್ಟೆಯನ್ನು ಎತ್ತಿ ನೋಡಿದಳು. ಒಂದು ಹತ್ತಿರ, ಒಂದು ದೂರ.

"ಇದೇ ಕೈ," ಅಂದಳು.

"ಹೌದಮ್ಮಾ. ಈ ಸಲ ಇವಳೇ ಮಾಡ್ತಾಳೆ. ನನ್ನ ಹೆಸರು ನಂಬಿ ಬಂದವರಿಗೆ ಇದನ್ನ ಹೇಗೆ ಹೇಳೋದು ಅಂತ ತಿಳೀದೆ ಇದ್ದೆ. ನಾನು ಪಕ್ಕ ನಿಂತಿರ್ತೀನಿ."

"ನಿಲ್ಲುಂಗ. ಮುಟ್ಟಬಾರ್ದು."

"ಮುಟ್ಟಲ್ಲ."

ಆಗ ಅಕ್ಕ ಬಾಯಿ ತೆರೆದಳು. ಅಷ್ಟು ವಾರಗಳಲ್ಲಿ ತಾನಾಗಿ ಆಡಿದ ಮೊದಲ ಮಾತು ಅದು. ಆ ಒರಟು ದನಿಯಲ್ಲೇ ಚಿಕ್ಕ ಡಾಕ್ಟರನ್ನು ಕೇಳಿದಳು: "ನಿಮಗೆ ಧೈರ್ಯ ಇದೆಯಾ?" ಆ ಹುಡುಗಿ ಕಣ್ಣೊರೆಸಿಕೊಂಡು "ಇದೆ ಅಕ್ಕಾ" ಎಂದಳು. ಅಕ್ಕ "ಸರಿ ಹಾಗಾದ್ರೆ" ಎಂದು ಕುರ್ಚಿಯಿಂದ ಎದ್ದಳು.

ಎರಡನೆಯ ಆಪರೇಷನ್‌ನ ದಿನ ಅಮ್ಮ ಬಾಗಿಲ ಎದುರಿನ ಬೆಂಚು ಬಿಟ್ಟು ಕದಲಲಿಲ್ಲ. ನಾನು ತಂದ ಕಾಫಿಯನ್ನು ನೋಡಲೂ ಇಲ್ಲ. ಒಳಗೆ ಹೋದ ಮೇಲೆ ದೊಡ್ಡ ಡಾಕ್ಟರ ಮನಸ್ಸು ಬದಲಾದರೆ ನಮಗೆ ಹೇಗೆ ತಿಳಿಯಬೇಕು, ಇಷ್ಟು ವರ್ಷ ಕತ್ತಿ ಹಿಡಿದ ಕೈ ಸುಮ್ಮನಿರುತ್ತದೆಯೇ, ಎಂದು ಒಂದೇ ಸಮನೆ ಗೊಣಗುತ್ತಿದ್ದಳು. ನನಗೆ ರೇಗಿತು. ಆದರೆ ಅದೇ ಯೋಚನೆ ನನ್ನೊಳಗೂ ಓಡುತ್ತಿತ್ತು.

ಬಾಗಿಲು ತೆರೆದು ಮೊದಲು ಹೊರಗೆ ಬಂದವರು ದೊಡ್ಡ ಡಾಕ್ಟರ್. "ಮುಗೀತು. ಎಚ್ಚರ ಆಗಿದೆ. 'ಅಮ್ಮ ಊಟ ಮಾಡಿದ್ಳಾ' ಅಂತ ಕೇಳಿದ್ಳು," ಎಂದರು. ದನಿ ಹೇಗಿದೆ ಎಂದು ನಾನು ಕೇಳಿದೆ. ಮೊದಲಿನ ಹಾಗೇ ಒರಟಿದೆ, ಆದರೆ ಉಳಿದಿದೆ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಅಳಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಅವಳ ದೃಷ್ಟಿ ಅವರ ಜೇಬುಗಳ ಮೇಲಿತ್ತು.

ಅವರಿಗೆ ಅದು ತಿಳಿಯಿತು. ವಿದ್ಯಾರ್ಥಿಗಳೆಲ್ಲ ಹಿಂದೆ ನಿಂತು ನೋಡುತ್ತಿದ್ದಂತೆಯೇ ಎರಡೂ ಕೈಗಳನ್ನು ಹೊರತೆಗೆದು ಅಮ್ಮನ ಮುಂದೆ ಚಾಚಿದರು. "ನೋಡಿ ಅಮ್ಮಾ, ಮುಟ್ಟಿಲ್ಲ. ಒಳಗೆ ಗ್ಲೌಸೂ ಹಾಕ್ಲಿಲ್ಲ." ನಾಚಿಕೆಯಿಂದ ನಾನು ಅಮ್ಮನ ಸೆರಗು ಜಗ್ಗಿದೆ. ಅಮ್ಮ ಬಿಡಲಿಲ್ಲ. ಆ ಕೈಗಳನ್ನು ಹಿಡಿದು, ತಿರುಗಿಸಿ, ಉಗುರಿನ ಸಂದಿಯನ್ನೂ ನೋಡಿದಳು. ಅವಳು ನೋಡಿ ಮುಗಿಸುವವರೆಗೆ ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.